ಆಮೆಕೊಳದ ಬೋರ್ಡು

ಮನೆ, ಮಂಗಳವಾರ ಸಂಜೆ

ಪ್ರೀತಿಯ ಅಕ್ಕಾ,

ಗಂಟಲು ಹೇಗಿದೆ? ಅಳಿಯುವ ಪ್ರಾಣಿಗಳ ಪರವಾಗಿ ಸಭೆಯಿಂದ ಸಭೆಗೆ ಕೂಗಿ ಕೂಗಿ ಕಟ್ಟಿಕೊಂಡಿರುತ್ತದೆ, ಬಿಸಿನೀರು ಕುಡಿ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ‘ಲೋಕದ ಆಮೆಗಳನ್ನೆಲ್ಲ ಉಳಿಸ್ತಾಳೆ, ನನ್ನ ಮಂಡಿಗೊಂದು ಎಣ್ಣೆ ಕಳ್ಸಲ್ಲ’ ಎನ್ನುತ್ತಾಳೆ.

ನಿನ್ನ ಕರಪತ್ರ ಓದಿಯೇ ನಾನು ಮೃಗಾಲಯದ ಕೆಲಸಕ್ಕೆ ಸೇರಿದ್ದು, ನೆನಪಿದೆಯಲ್ಲ? ‘ಭೂಮಿ ಕಾಯುತ್ತಿದೆ, ಮರಳಿನಲ್ಲೇ ಮೊಟ್ಟೆ ಬೇಯುತ್ತಿದೆ, ಇದು ಕೊನೆಯ ಜೋಡಿ.’ ಆ ಸಾಲು ನನಗೆ ಬಾಯಿಪಾಠ. ಆಮೆಕೊಳದ ಬೋರ್ಡಿನ ಮೇಲೂ ಅದೇ ಸಾಲು. ಓದಿದ ಜನ ಕಣ್ಣೊರೆಸಿಕೊಂಡು ಪಕ್ಕದ ಡಬ್ಬಿಗೆ ನೋಟು ಹಾಕುತ್ತಾರೆ. ಕೊಳ ತೊಳೆಯುತ್ತ ನಾನೂ ಎಷ್ಟೋ ಸಲ ಅತ್ತಿದ್ದೇನೆ, ದಡ್ಡಿ.

ಬೇಸಿಗೆಯ ಶುರುವಿನಲ್ಲಿ ಆಮೆ ಮೊಟ್ಟೆಯಿಟ್ಟಿತು. ಖುಷಿಯಲ್ಲಿ ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ. ಅವರು ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಔಷಧಿ ಕೋಣೆಯ ಫ್ರಿಜ್ಜಿನಲ್ಲಿಟ್ಟರು. ತಣ್ಣಗಾದರೆ ಸಾಯುತ್ತವಲ್ಲ ಸಾರ್ ಎಂದರೆ, ‘ಮರಿ ಬಂದ್ರೆ ಕೊನೇ ಜೋಡಿ ಹೇಗಮ್ಮಾ ಆಗುತ್ತೆ? ಪ್ರತಿ ವರ್ಷ ಹೀಗೇ. ಬೇಕಾದ್ರೆ ನಿಮ್ಮಕ್ಕನ್ನೇ ಕೇಳು’ ಎಂದು ನಕ್ಕರು. ಬಿಸಿಗೆ ಬೆಂದವೆಂದು ನೀನು ಮೈಕಿನ ಮುಂದೆ ಅಳುವ ಮೊಟ್ಟೆಗಳು, ಅಕ್ಕಾ, ವರ್ಷ ವರ್ಷವೂ ಚಳಿಗೆ ಸತ್ತವು.

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಬೇಲಿಯೇ ಹೊಲ ಮೇಯುವುದನ್ನು ಕೇಳಿದ್ದೆ; ಮೇಯ್ದ ಮೇಲೆ ಬರಗಾಲ ಬಂತೆಂದು ಅಳುವ ಬೇಲಿಯನ್ನು ಈಗ ನೋಡಿದೆ. ಬಿಸಿಲು ಸುಡುತ್ತಿರುವುದು ನನ್ನ ಬೆನ್ನಿಗೂ ಗೊತ್ತು. ಆದರೆ ಹಕ್ಕಿ ಅಳಿಯುತ್ತದೆ, ಕಪ್ಪೆ ಅಳಿಯುತ್ತದೆ ಎಂದು ಇನ್ನು ಯಾರು ಕೂಗಿದರೂ ನನಗೆ ಮೊದಲು ಕಾಣುವುದು ಆ ಡಬ್ಬಿ. ಜೋಪಾನವಾಗಿಟ್ಟಿದ್ದ ಕರಪತ್ರಗಳನ್ನೆಲ್ಲ ನಿನ್ನೆ ಒಲೆಗೆ ಹಾಕಿದೆ. ನಂಬುವುದನ್ನು ಕಲಿಸಿದವಳು ನೀನು. ನಂಬದಿರುವುದನ್ನೂ ನೀನೇ ಕಲಿಸಬೇಕಿತ್ತೇ? ‘ನಂಗೆ ಗೊತ್ತಿರಲಿಲ್ಲ ಕಣೇ’ ಎಂದು ಒಂದು ಸಾಲು ಬರೆ. ಅದೊಂದನ್ನು ನಂಬಿಬಿಡುತ್ತೇನೆ.

ಅಮ್ಮನ ಆಶೀರ್ವಾದ, ಬೈಗುಳ ಎರಡೂ ಇವೆ, ಬೇಕಾದ್ದು ತೆಗೆದುಕೋ.

ಇನ್ನೂ ನಿನ್ನ ತಂಗಿಯೇ ಆದ,
ಮೆಣಸಿನಕಾಯಿ

ಹೇಳುವುದೇ ಮರೆತೆ: ಆ ಫ್ರಿಜ್ಜಿನ ಬಟ್ಟೆಯೊಳಗೆ ಈಗಿರುವುದು ಅಂಗಡಿಯ ಕೋಳಿಮೊಟ್ಟೆ. ಅವತ್ತು ಸಂಜೆಯೇ ಬದಲಾಯಿಸಿದೆ. ಆಮೆಯವು ನಿನ್ನ ಮಂಚದ ಕೆಳಗೆ, ಮರಳಿನ ಬಕೆಟ್ಟಿನಲ್ಲಿವೆ. ಇವತ್ತು ಬೆಳಗ್ಗೆ ಒಂದು ಮೊಟ್ಟೆ ಬಿರುಕು ಬಿಟ್ಟಿತು, ಮರಿ ಮೂಗು ಹೊರಗೆ ಹಾಕಿತು. ಭಾನುವಾರ ನಿನ್ನ ಸಭೆಯಲ್ಲಿ, ಮೊದಲ ಸಾಲಿನಲ್ಲಿ, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ. ‘ಕೊನೆಯ ಜೋಡಿ’ ಎನ್ನುವ ಮುಂಚೆ ಒಮ್ಮೆ ನನ್ನ ಕಡೆ ನೋಡು.