ಜಾಲರಿಯಲ್ಲಿ ಸಿಕ್ಕ ನೂಲು

ಅಮ್ಮಾ,

ನೀನು ಹೋದಾಗಿನಿಂದ ಡ್ರಾದಲ್ಲೇ ಬಿದ್ದಿದ್ದ ನಿನ್ನ ಫೋನಿನ ಒಡೆದ ಸ್ಕ್ರೀನನ್ನು ಇವತ್ತು ನಾನೇ ಬದಲಾಯಿಸಿದೆ, ನಿನ್ನ ಹೊಲಿಗೆ ಮೇಜಿನ ಮೇಲೆ. ಬಟ್ಟೆಗೆ ಗುರುತು ಹಾಕುವ ನಿನ್ನ ಸೀಮೆಸುಣ್ಣದಲ್ಲಿ ಕರಿಬಟ್ಟೆಯ ಮೇಲೆ ಫೋನಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಇಟ್ಟೆ.

"ಟೈಲರ್ ಮಗಳು ಅಂದ್ರೆ ಸುಮ್ನೇನಾ!" ಎಂದು ಅಪ್ಪ ನಕ್ಕರು.

ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದಾಗ ಅಂಟು ಬಿಟ್ಟು ಸ್ಕ್ರೀನು ಎದ್ದಿತು. ಒಳಗೇನಿದೆಯೋ ಎಂದು ಇಣುಕಿದೆ. ಕಿವಿಗೊತ್ತುವ ಕಡೆಯ ಪುಟ್ಟ ಜಾಲರಿಯನ್ನು ಸೂಜಿಯಿಂದ ಕೆದಕಿದರೆ, ಬರುತ್ತಲೇ ಇತ್ತು ನೂಲಿನ ಧೂಳು! ಕೆಂಪು, ಹಸಿರು, ಯಾರದೋ ಅಂಗಿಯ ನೀಲಿ.

"ಇದೆಲ್ಲಿಂದ ಬಂತಪ್ಪಾ?"

"ಅವಳು ಫೋನ್ ಇಡ್ತಿದ್ದಿದ್ದೇ ಚಿಂದಿ ಬುಟ್ಟೀಲಲ್ವೇನೇ."

ನಾನು ಫೋನ್ ಮಾಡಿದಾಗಲೆಲ್ಲ "ಜೋರಾಗಿ ಹೇಳೇ, ಕೇಳಿಸ್ತಿಲ್ಲ" ಎನ್ನುತ್ತಿದ್ದೆ ನೀನು. ನಾನು ಕಿವಿ ಡಾಕ್ಟರ ನಂಬರ್ ಕಳಿಸಿದ್ದೆ. ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟೆ, ಬರೀ ಮೆಸೇಜು.

ಹೊಸ ಸ್ಕ್ರೀನು ಬೆಳಗಿತು. ಪರೀಕ್ಷೆಗೆಂದು ಅಪ್ಪನ ಕೈಗೆ ನನ್ನ ಫೋನು ಕೊಟ್ಟು ಹೊರಗಿನ ಕೋಣೆಗೆ ಕಳಿಸಿ, ನಿನ್ನದನ್ನು ಕಿವಿಗಿಟ್ಟುಕೊಂಡೆ. ಅವರು ಬೇಕೆಂದೇ ಪಿಸುಗುಟ್ಟಿದರು.

"ಕೇಳಿಸ್ತಾ ಇದೆಯೇನೇ?"

ಒಂದೊಂದು ಅಕ್ಷರವೂ ಕೇಳಿಸಿತು ಅಮ್ಮಾ. ಅವರು ಮತ್ತೆ ಕೇಳಿದರು, ಆಮೇಲೆ ಜೋರಾಗಿ ಕೇಳಿದರು. ನಾನು ಮೇಜಿನ ಮೇಲಿನ ನೂಲಿನ ಧೂಳನ್ನು ಬೆರಳಲ್ಲಿ ಒಟ್ಟುಮಾಡುತ್ತಿದ್ದೆ.