ತೀರ್ಮಾನ ಇಲ್ಲೇ ಆಗಬೇಕಂತೆ

ಆಗಸ್ಟ್ ೧೪, ಗುರುವಾರ. ರಾರೊಟೊಂಗಾ.

ಆಕ್ಲೆಂಡಿನಿಂದ ಬಂದಿದ್ದ ವಕೀಲ ಡೆರೆಕ್‌ನ ಮುಖ ನೆನೆದರೆ ಈಗಲೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ನ್ಯೂಜಿಲೆಂಡಿನ ಮಾಲೀಕರಿಗಾಗಿ ಅವನು ಇಲ್ಲಿ ಕಟ್ಟಿದ ಮೀನುಗಾರಿಕೆ ಕಂಪನಿಗೆ ನಾನು ಹೆಸರಿಗಷ್ಟೇ ನಿರ್ದೇಶಕಿ. ಇಷ್ಟು ವರ್ಷ ಕೋಲೆಬಸವನ ಹಾಗೆ ತಲೆಯಾಡಿಸಿ ಸಹಿ ಹಾಕಿದ್ದೇನೆ.

ಇವತ್ತು ಸಹಿಗೆ ತಂದ ಕಾಗದವೇ ಬೇರೆ. ಹಡಗುಗಳೆಲ್ಲ ಇನ್ನೊಂದು ದೇಶದ ಹೊಸ ಕಂಪನಿಗೆ. ದುಡಿಯುವ ಹುಡುಗರು ಮಾತ್ರ ನಮ್ಮ ಈ ಬರಿಗೈ ಕಂಪನಿಯಲ್ಲೇ. ನಾಳೆ ಯಾರದಾದರೂ ಕೈ ತುಂಡಾದರೆ ಪರಿಹಾರ ಕೇಳಿ ಬಂದವರಿಗೆ ಸಿಗುವುದು ನನ್ನ ಬಾಗಿಲಿನ ನಾಮಫಲಕ.

"ತೀರ್ಮಾನ ಈ ದ್ವೀಪದಲ್ಲೇ ಆಗ್ಬೇಕು ಮೇಡಂ, ಇಲ್ಲಾಂದ್ರೆ ಕಂಪನಿ ನಮ್ಮ ದೇಶದ್ದೇ ಅಂತ ನ್ಯೂಜಿಲೆಂಡ್ ತೆರಿಗೆಯೋರು ಬಿಡಲ್ಲ. ನೀವು ನಿಜವಾಗ್ಲೂ ಯೋಚನೆ ಮಾಡಿರ್ಬೇಕು" ಎಂದ.

ಹೊರಗೆ ಹೋಗಿ ಒಂದು ಎಳನೀರು ಕುಡಿದು ಬಂದೆ.

"ಯೋಚನೆ ಮಾಡ್ದೆ. ಆಗಲ್ಲ."

"ತಮಾಷೆ ಮಾಡ್ಬೇಡಿ, ತೆಪೈರು ಅವರೇ!"

"ತಮಾಷೆ ಏನ್ ಬಂತಪ್ಪಾ? ತೀರ್ಮಾನ ಮಾಡೋಳು ನಾನೇ ಅಂತ ನೀನೇ ಅಂದ್ಯಲ್ಲ!"

ಮಾಲೀಕರು ನನ್ನನ್ನು ಕಿತ್ತುಹಾಕುತ್ತಾರಂತೆ. ಹಾಕಲಿ. ನನ್ನ ಕುರ್ಚಿಯಲ್ಲಿ ಕೂರಿಸಲು ಮತ್ತೆ ಇದೇ ದ್ವೀಪದವರು ಬೇಕು. ಆ ಹಡಗುಗಳಿಗೆ ಮಗನನ್ನೋ ತಮ್ಮನನ್ನೋ ಕಳಿಸದ ಮನೆ ಇಲ್ಲಿ ಯಾವುದಿದೆ? ಹುಡುಕಿಕೊಳ್ಳಲಿ.