ಕೇದಾರಿಯ ಕಣ್ಣು

ಗೋಕಾಕ, ೧೨ ಮಾರ್ಚ್ ೧೯೫೬

ಅಪ್ಪಾ,

ನಿನ್ನ ಗೊಂಬೆಯೊಂದನ್ನು ಇಂದು ಹಾಳು ಮಾಡಿದೆ. ಇದನ್ನು ನಿನಗೇ ಹೇಳಬೇಕು, ಆದರೆ ನೀನು ತೀರಿಕೊಂಡು ತಿಂಗಳಾಯಿತು.

ಕಪಾಟಿನಲ್ಲಿ ನಿನ್ನ ಕತೆಯ ಜಲಪಾತದಡಿಯ ಊರಿನ ಎಂಟು ಮಂದಿ ಇನ್ನೂ ನಿಂತಿದ್ದಾರೆ. ದೇವರಲ್ಲ, ರಾಜರಲ್ಲ, ನೀನೇ ಹುಟ್ಟಿಸಿದ ಜನ. ಅವರಲ್ಲಿ ಅಂಬಿಗನಿಗೆ ಮಾತ್ರ ಕಣ್ಣು ಬರೆದಿರಲಿಲ್ಲ. ನಮ್ಮ ಮನೆಯಲ್ಲಿ ಗೊಂಬೆಗೆ ಕಣ್ಣು ಬರೆಯುವುದೇ ಕೊನೆಯ ಕೆಲಸವಲ್ಲವೆ? ಕೊನೆಗಾಲಕ್ಕೆ ನಿನ್ನ ದೃಷ್ಟಿ ಹೋದದ್ದರಿಂದ ನೀನು ಅರ್ಧಕ್ಕೆ ಬಿಟ್ಟೆ ಎಂದುಕೊಂಡು, ಸಣ್ಣ ಕುಂಚ ಹಿಡಿದು ನಾನೇ ಬರೆದೆ. ಚೆನ್ನಾಗಿಯೇ ಬಂದಿದ್ದವು.

ಅವ್ವ ನೋಡಿದವಳೇ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಏನ್ ಮಾಡಿದ್ಯೋ ತುಕಾರಾಮಾ? ಕೇದಾರಿ ಹುಟ್ಟುಕುರುಡ. ನೀರಿನ ಸಪ್ಪಳ ಕೇಳಿ ದೋಣಿ ನಡಸ್ತಾನ. ನಿಮ್ಮಪ್ಪ ದಿನಾ ಹೇಳತಿದ್ದ, ನೀ ಕೇಳಿಲ್ಲೇನು?"

ನೀನು ಕತೆ ಶುರು ಮಾಡಿದಾಗಲೆಲ್ಲ ನಾನು ಮಿಲ್ಲಿನ ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಪಾಳಿಗೆ ಇನ್ನೂ ಒಂದು ತಾಸು ಇರುತ್ತಿತ್ತು.

ಚಾಕುವಿನಿಂದ ಆ ಕಣ್ಣುಗಳನ್ನು ಕೆರೆದೆ. ಹಗುರ ಕಟ್ಟಿಗೆ, ಮೂಗೂ ಎದ್ದು ಬಂತು.

ಉಳಿದ ಏಳು ಮಂದಿಯನ್ನು ಅವ್ವನ ಮುಂದೆ ಸಾಲಾಗಿ ಇಟ್ಟು, ಇವರ ಹೆಸರಾದರೂ ಹೇಳು ಎಂದೆ. ಒಬ್ಬೊಬ್ಬರನ್ನೇ ಎತ್ತಿ ನೋಡಿದಳು.

"ಹೆಸರು ನೆನಪಿಲ್ಲೋ," ಎಂದಳು. "ಇವರನ್ನೆಲ್ಲಾ ಹೊಳಿ ದಾಟಸಾಂವ ಕೇದಾರಿ ಒಬ್ಬನ ಇದ್ದ."